ಕಮಾನಿಗೆ ಬಂದ ದುಡ್ಡು

ಪಾಲಿಕೆಯ ಇಂಜಿನಿಯರ್ ಪಂಚಾಕ್ಷರಿ ಈ ವಾರ್ಡಿಗೆ ವರ್ಗವಾಗಿ ಬಂದಾಗ ಜನವರಿ ಮುಗಿಯುತ್ತಾ ಬಂದಿತ್ತು. ಇಂಜಿನಿಯರುಗಳ ಪಾಲಿಗೆ ಅದು ವರ್ಷದ ಕೆಟ್ಟ ಕಾಲ. ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗದ ಹಣ ವಾಪಸ್ ಹೋಗುತ್ತದೆ, ವಾಪಸ್ ಹೋದರೆ ಮುಂದಿನ ವರ್ಷ ಅಷ್ಟೇ ಕಡಿಮೆ ಬರುತ್ತದೆ. ಹಾಗಾಗಿ ಫೆಬ್ರವರಿ ಬಂತೆಂದರೆ ಗಟ್ಟಿಮುಟ್ಟಾಗಿರುವ ಫುಟ್‌ಪಾತನ್ನೇ ಕಿತ್ತು ಮತ್ತೆ ಹಾಕುವ ಕೆಲಸ ಶುರುವಾಗುತ್ತದೆ. ಎಂಟು ವರ್ಷದ ನೌಕರಿಯಲ್ಲಿ ಪಂಚಾಕ್ಷರಿಯೂ ಅಂಥ ನಾಲ್ಕಾರು ಫುಟ್‌ಪಾತು ಹಾಕಿಸಿದವನೇ. ರಾಣೆಬೆನ್ನೂರು ಕಡೆಯ ಮನುಷ್ಯ, ಮಾತು ಕಡಿಮೆ, ಹೇಳಿದ ಕೆಲಸ ಮಾಡಿ ಮನೆಗೆ ಹೋಗುವವನು ಎಂದು ಆಫೀಸಿನಲ್ಲಿ ಹೆಸರಿತ್ತು.

ಬಂದ ಮೂರನೇ ದಿನ ಮೇಲಧಿಕಾರಿ ಮೋಹನ್ ಕುಮಾರ್ ಅವನನ್ನು ಕರೆದು ಒಂದು ಫೈಲು ಮುಂದಿಟ್ಟರು.

"ನೋಡಿ ಪಂಚಾಕ್ಷರಿ, ಹೊಸಬಾವಿ ಮಾರ್ಕೆಟ್ ಅಭಿವೃದ್ಧಿಗೆ ಅಂತ ಬಂದಿದ್ರಲ್ಲಿ ಇಪ್ಪತ್ನಾಲ್ಕು ಲಕ್ಷ ಹಾಗೇ ಕೂತಿದೆ. ಮಾರ್ಕೆಟ್ ಬಾಗಿಲಿಗೆ ಒಂದು ಕಮಾನು ಹಾಕ್ಬಿಡಿ. ಗ್ರಾನೈಟು, ಮೇಲೆ ಹೆಸರು, ಎರಡೂ ಕಡೆ ಲೈಟು. ಪಕ್ಕದ ಲೇಔಟಿನವರೂ ಐದು ವರ್ಷದಿಂದ ಕೇಳ್ತಾನೇ ಇದಾರೆ. ಅಳತೆ ತಗೊಂಡು ಸೋಮವಾರದೊಳಗೆ ಎಸ್ಟಿಮೇಟ್ ಕೊಡಿ."

"ಆಯ್ತು ಸಾರ್," ಅಂದ ಪಂಚಾಕ್ಷರಿ. ಅದರಲ್ಲಿ ಯೋಚಿಸುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಹೊಸಬಾವಿ ಮಾರ್ಕೆಟ್ಟು ಬಸವೇಶ್ವರನಗರದ ತಗ್ಗಿನಲ್ಲಿ, ರಾಜಕಾಲುವೆಗೆ ಸ್ವಲ್ಪ ಈಚೆಗೆ ಇದೆ. ಶೀಟು ಹೊದಿಸಿದ ಉದ್ದನೆಯ ಎರಡು ಸಾಲು, ನಡುವೆ ಓಣಿ, ಬಾಗಿಲ ಹೊರಗೆ ಗೋಣಿಚೀಲ ಹಾಸಿಕೊಂಡು ಕೂರುವ ಸೊಪ್ಪು, ಹೂವು, ನಿಂಬೆಹಣ್ಣಿನ ಹೆಂಗಸರು. ಪಂಚಾಕ್ಷರಿ ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಟೇಪು ಹಿಡಿದು ಅಲ್ಲಿ ನಿಂತ. ಕಮಾನಿನ ಎಡಗಡೆಯ ಕಂಬ ಸರಿಯಾಗಿ ಒಬ್ಬ ಸೊಪ್ಪಿನ ಹೆಂಗಸು ಕೂತ ಜಾಗಕ್ಕೇ ಬರುತ್ತಿತ್ತು. ಹೆಸರು ಯಶೋದಮ್ಮ. ಐವತ್ತೈದರ ಆಸುಪಾಸು. ಮಲ್ಲತ್ತಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ತವರಿನ ಹೊಲವೆಲ್ಲ ಎಂದೋ ಸೈಟಾಗಿ ಹೋದರೂ ಸೊಪ್ಪಿನ ನಂಟು ಮಾತ್ರ ಬಿಟ್ಟಿರಲಿಲ್ಲ.

"ಏನ್ ಸಾರ್ ಅಳೀತಿದೀರ?" ಅಂತ ಅವರೇ ಕೇಳಿದರು.

"ಕಮಾನು ಬರ್ತದಮ್ಮ ಇಲ್ಲಿ. ನೀವು ಸ್ವಲ್ಪ ಆಚೆ ಸರೀಬೇಕಾಗ್ತದ."

"ಸರ್ಕೊಳ್ಳಣ ಬಿಡಿ. ಅದಕ್ಕೇನಂತೆ." ಅವರು ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಾ ಅಂದರು. ಅವನ ಮುಖ ನೋಡಿ, "ಬಿಸಿಲಲ್ಲಿ ಸುಸ್ತಾದಂಗೈತೆ. ನೀರು ಕುಡೀರಿ" ಎಂದು ಪಕ್ಕದ ಚೀಲದಿಂದ ಒಂದು ಬಾಟಲಿ ತೆಗೆದುಕೊಟ್ಟರು.

ಬಾಟಲಿ ಕತ್ತಿನವರೆಗೂ ತುಂಬಿತ್ತು. ಪಂಚಾಕ್ಷರಿ ಸಂಕೋಚಪಟ್ಟ. "ನಿಮಗೇ ಬೇಕಾಗ್ತದಲ್ಲಮ್ಮ. ಇನ್ನೂ ಕುಡಿದೇ ಇಲ್ಲ ನೀವು."

"ಕುಡಿಯಲ್ಲ ಸಾರ್. ಬೆಳಗಿನ ಜಾವ ಮೂರೂವರೆಗೆ ಮನೆಯಿಂದ ಹೊರಡೋವಾಗ ತುಂಬ್ಸಿದ್ದು. ಕುಡಿದ್ರೆ ಹೋಗಬೇಕಾಗತ್ತೆ. ಹೋಗೋದೆಲ್ಲಿಗೆ?"

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ, ಇವತ್ತು ಪಾಲಕ್ ಬಂದಿಲ್ಲ ಎನ್ನುವ ಹಾಗೆ ಹೇಳಿದರು. ಪಂಚಾಕ್ಷರಿಗೆ ಬಾಟಲಿ ಎತ್ತಿ ಬಾಯಿಗೆ ಹಿಡಿಯಲಾಗಲಿಲ್ಲ.

"ಮಾರ್ಕೆಟ್ಟಿನಾಗ ಟಾಯ್ಲೆಟ್ ಇಲ್ಲೇನಮ್ಮ?"

"ಐತಲ್ಲ. ಬನ್ನಿ ತೋರಿಸ್ತೀನಿ."

ಪಕ್ಕದ ಹೂವಿನವಳಿಗೆ ಸೊಪ್ಪು ನೋಡಿಕೋ ಎಂದು ಹೇಳಿ ಯಶೋದಮ್ಮ ಎದ್ದರು. ಏಳುವಾಗ ಮಂಡಿ ಹಿಡಿದುಕೊಂಡರು. ಎರಡನೇ ಸಾಲಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಚೆಂದದ್ದೊಂದು ಕಟ್ಟಡವಿತ್ತು. ಹೊರಗೋಡೆಗೆ ನೀಲಿ ಟೈಲ್ಸು, ಹೆಂಗಸರಿಗೊಂದು ಬಾಗಿಲು, ಗಂಡಸರಿಗೊಂದು ಬಾಗಿಲು, ಮೇಲೆ ಕಪ್ಪು ನೀರಿನ ಟ್ಯಾಂಕು. ಗೋಡೆಯ ಕಲ್ಲಿನಲ್ಲಿ ಉದ್ಘಾಟನೆಯ ತಾರೀಖು, ಹದಿನೆಂಟು ಲಕ್ಷದ ವೆಚ್ಚ, ಒಂದು ಡಜನ್ ಹೆಸರು. ಮೂರು ವರ್ಷದ ಹಿಂದಿನದು. ಎರಡೂ ಬಾಗಿಲಿಗೆ ಬೀಗ. ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿತ್ತು.

"ಉದ್ಘಾಟನೆ ದಿವಸ ತೆಗೆದಿದ್ರು. ನಾನೇ ಆರತಿ ತಟ್ಟೆ ಹಿಡ್ಕೊಂಡಿದ್ದೆ. ಸಾಯಂಕಾಲ ಬೀಗ ಹಾಕಿದ್ರು. ಆಮೇಲೆ ತೆಗೆದಿಲ್ಲ."

"ಮತ್ತೆ ನೀವು ಏನ್ ಮಾಡ್ತೀರಿ?"

"ಹೊತ್ತು ಹುಟ್ಟೋಕೆ ಮುಂಚೆ ಕಾಲುವೆ ಕಡೆ. ಆಮೇಲೆ ಮನೆಗೆ ಹೋದಾಗಲೇ, ಮಧ್ಯಾಹ್ನ ಮೂರಕ್ಕೆ. ನನ್ನದಾದ್ರೂ ಪರವಾಗಿಲ್ಲ. ಹೋದ ವರ್ಷ ಹೂವಿನವಳಿಗೆ ಕಿಡ್ನಿ ಸೋಂಕಾಗಿ ಹದಿನೈದು ದಿನ ಆಸ್ಪತ್ರೆಲಿ ಮಲಗಿದ್ಲು."

ಮಾರನೆಯ ದಿನ ತಿಂಡಿ ತಿನ್ನುವಾಗ ಪಂಚಾಕ್ಷರಿ ಇದನ್ನು ಹೆಂಡತಿಗೆ ಹೇಳಿದ. ವಚನಾ ಕೆಂಗೇರಿಯಾಚೆಯ ಶಾಲೆಯೊಂದರಲ್ಲಿ ಟೀಚರು. ದೋಸೆ ಮಗುಚುತ್ತಾ ಕೇಳಿಸಿಕೊಂಡಳು.

"ನಾನೂ ಹಂಗ ಮಾಡ್ತೀನಿ," ಅಂದಳು. "ಬಸ್ಸಿನ್ಯಾಗ ಒಂದೂವರೆ ತಾಸು. ಶಾಲಿಯೊಳಗೆ ಇರೋದು ಒಂದು, ಅದಕ್ಕ ನೀರಿಲ್ಲ. ನಿಮಗ ಗೊತ್ತಿರಲಿಲ್ಲೇನು?"

ಅವನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು.

ಆಫೀಸಿಗೆ ಹೋಗಿ ಹಳೆಯ ಫೈಲು ಹುಡುಕಿಸಿದ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಕೆಲಸ ಪೂರ್ಣ, ಬಿಲ್ಲು ಪಾವತಿ, ಬಳಕೆಗೆ ಹಸ್ತಾಂತರ. ಕೆಳಗೆ ಆಗಿನ ಇಂಜಿನಿಯರ್ ದ್ಯಾಮಪ್ಪ ಎಂಬುವರ ಸಹಿ. ಪಂಚಾಕ್ಷರಿ ಇಬ್ಬರು ಕೂಲಿಯವರನ್ನು ಕರೆದುಕೊಂಡು ಹೋಗಿ ಬೀಗ ಒಡೆಸಿದ, ಕಟ್ಟಡದ ಹಿಂದೆ ಅಗೆಸಿದ. ಮೂರು ಅಡಿ ಅಗೆದ ಮೇಲೆ ಗುಟ್ಟು ಬಯಲಾಯಿತು. ಹೊರಗೆ ಬಂದ ಪೈಪು ನಾಲ್ಕು ಗೇಣು ಹೋಗಿ ಮಣ್ಣಿನಲ್ಲೇ ನಿಂತಿತ್ತು. ರಸ್ತೆಯ ಮ್ಯಾನ್‌ಹೋಲಿಗೆ ಸೇರಿಸಿಯೇ ಇರಲಿಲ್ಲ. ಸೇರಿಸುವ ಹಾಗೂ ಇರಲಿಲ್ಲ. ಲೆವೆಲ್ ಹಿಡಿದು ನೋಡಿದರೆ ರಸ್ತೆಯ ಒಳಚರಂಡಿ ಇದಕ್ಕಿಂತ ಒಂದೂವರೆ ಅಡಿ ಮೇಲಿತ್ತು. ಹೊಲಸು ನೀರು ಮೇಲಕ್ಕೆ ಹತ್ತುವುದುಂಟೇ? ಕಟ್ಟುವಾಗ ಯಾರೋ ನಕ್ಷೆ ನೋಡಿದ್ದರು, ನೆಲ ನೋಡಿರಲಿಲ್ಲ.

ಮೋಹನ್ ಕುಮಾರ್ ಕೆಟ್ಟ ಮನುಷ್ಯರಲ್ಲ. ಪಂಚಾಕ್ಷರಿ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಾತು ಸರಿ. ಆದರೆ ಪೂರ್ಣ ಆಗಿದೆ ಅಂತ ಬರೆದ ಕೆಲಸಕ್ಕೆ ಮತ್ತೆ ದುಡ್ಡು ಹಾಕಿದ್ರೆ ಆಡಿಟ್‌ನವರು ಬಿಡ್ತಾರಾ? ಮೊದಲಿನ ಹದಿನೆಂಟು ಲಕ್ಷ ಎಲ್ಲಿಗೆ ಹೋಯ್ತು ಅಂತಾರೆ. ದ್ಯಾಮಪ್ಪನೋರು ಏಪ್ರಿಲ್‌ನಲ್ಲಿ ರಿಟೈರು. ಪೆನ್ಶನ್ ಫೈಲು ಓಡಾಡ್ತಿದೆ. ಆ ಮನುಷ್ಯ ಒಂದು ಪೈಸೆ ತಿಂದವರಲ್ಲ, ನಾನು ಕಂಡಿದೀನಿ. ಕಮಾನು ಹಾಕಿ, ಸುಮ್ನಿದ್ಬಿಡಿ."

"ವಾರ್ಡ್ ಸಮಿತಿ ಒಪ್ಪಿದ್ರೆ ಸಾರ್?"

"ಸಮಿತಿ ಕಮಾನಿಗೆ ಒಪ್ಪಿ ಕೂತಿದೆಯಲ್ರೀ."

"ಆ ಹೆಂಗಸರನ್ನ ಯಾರೂ ಕೇಳಿಲ್ಲ ಸಾರ್."

ಮೋಹನ್ ಕುಮಾರ್ ಕನ್ನಡಕ ಮತ್ತೆ ಹಾಕಿಕೊಂಡು, "ಶನಿವಾರ ಸಭೆ ಇದೆ. ಯಾರು ಬೇಕಾದ್ರೂ ಬರಬಹುದು. ನಾನೇನೂ ಬಾಗಿಲು ಹಾಕಿಲ್ಲ" ಅಂದರು.

ಪಂಚಾಕ್ಷರಿ ಸೀದಾ ಮಾರ್ಕೆಟ್ಟಿಗೆ ಹೋಗಿ ಯಶೋದಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ. "ನಾನು ಬರೆದ್ರ ಇವನದು ಹಟ ಅಂತಾರ. ನೀವು ಬಂದು ಹೇಳಬೇಕಮ್ಮ. ಇದು ನಿಮ್ಮ ದುಡ್ಡು."

ಯಶೋದಮ್ಮ ನಕ್ಕರು. "ನಂದೆಲ್ಲಿ ಬಂತು ದುಡ್ಡು, ಸಾರ್? ಮನೆ ಇರೋರು ಕಂದಾಯ ಕಟ್ತಾರೆ."

"ದಿನಾ ಸುಂಕದ ಚೀಟಿ ಹರಿಸ್ಕೊಳ್ತೀರಲ್ಲ, ಅದು ಯಾರದು? ಸೋಪು ತಗೋತೀರಿ, ಮೊಬೈಲಿಗೆ ಕರೆನ್ಸಿ ಹಾಕಿಸ್ತೀರಿ. ಒಂದೊಂದ್ರಾಗೂ ಸರಕಾರದ ಪಾಲು ಇರ್ತದ."

ಯಶೋದಮ್ಮ ಸೊಂಟದ ಚೀಲ ಮುಟ್ಟಿ ನೋಡಿಕೊಂಡರು. ಒಬ್ಬರು ಗಿರಾಕಿ ಬಂದರು, ಎರಡು ಕಟ್ಟು ಮೆಂತ್ಯ ಕೊಟ್ಟು ಕಳಿಸಿದರು. ಆಮೇಲೆ, "ಶನಿವಾರ ವ್ಯಾಪಾರ ಜಾಸ್ತಿ. ನೋಡಣ" ಎಂದಷ್ಟೇ ಅಂದರು.

ವಾರ್ಡ್ ಸಮಿತಿಯ ಸಭೆ ಆಫೀಸಿನ ಮಹಡಿಯಲ್ಲಿ. ಯಾವತ್ತೂ ಬರುವವರು ಐದಾರು ಜನ, ಕುರ್ಚಿ ಹತ್ತು. ಲೇಔಟಿನ ನಿವಾಸಿಗಳ ಸಂಘದ ಅಧ್ಯಕ್ಷ ಆತ್ರೇಯ ಯಾವಾಗಲೂ ಹತ್ತು ನಿಮಿಷ ಮುಂಚೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರಿನ ಫೈಲು. ಕಮಾನಿಗಾಗಿ ಅವರು ಬರೆದ ಹದಿನಾಲ್ಕು ಅರ್ಜಿಗಳ ನಕಲು ಅದರಲ್ಲಿತ್ತು.

ಹನ್ನೊಂದು ಗಂಟೆಗೆ ಸಭೆ ಶುರುವಾಯಿತು. ಹನ್ನೊಂದೂಕಾಲಾದರೂ ಯಶೋದಮ್ಮನ ಸುಳಿವಿಲ್ಲ. ಪಂಚಾಕ್ಷರಿ ಬಾಗಿಲ ಕಡೆ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡ. ಕಮಾನಿನ ವಿಷಯ ಓದಿ ಆಯಿತು. ಮೋಹನ್ ಕುಮಾರ್ ಸಹಿಗೆ ಪೆನ್ನು ತೆಗೆದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದಾಯಿತು. ಯಶೋದಮ್ಮ ಬಂದರು. ಅವರ ಹಿಂದೆ ಹೂವಿನವಳು, ನಿಂಬೆಹಣ್ಣಿನವಳು, ತೆಂಗಿನಕಾಯಿಯವಳು, ಹೀಗೆ ಹನ್ನೊಂದು ಜನ. ಇದ್ದ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಇಡೀ ಹಾಲಿಗೆ ಕೊತ್ತಂಬರಿ ಮಲ್ಲಿಗೆಯ ವಾಸನೆ ತುಂಬಿತು.

"ಹೇಳಿಮ್ಮ," ಅಂದರು ಮೋಹನ್ ಕುಮಾರ್.

ಮೈಕು ಇರಲಿಲ್ಲ. ಯಶೋದಮ್ಮನಿಗೆ ಅದರ ಅಗತ್ಯವೂ ಇರಲಿಲ್ಲ. "ಕಮಾನು ಚೆನ್ನಾಗಿರತ್ತೆ ಸಾರ್. ಬೇಡ ಅನ್ನೋಕೆ ನಾವು ಬಂದಿಲ್ಲ. ಬೀಗ ಹಾಕಿರೋ ಟಾಯ್ಲೆಟ್ ತೆಗೆಸಿಕೊಡಿ ಅಂತ ಕೇಳಕ್ಕೆ ಬಂದಿದೀವಿ. ಬೆಳಗಿನ ಜಾವ ನಾಲ್ಕರಿಂದ ಮಧ್ಯಾಹ್ನ ಎರಡರವರೆಗೆ ಹನ್ನೊಂದು ಜನ ಹೆಂಗಸರು, ಹಬ್ಬದ ದಿವಸ ಮೂವತ್ತು ಜನ. ಹೇಳಕ್ಕೆ ನಾಚಿಕೆ ಆಗತ್ತೆ. ನಾಚಿಕೆ ಪಟ್ಕೊಂಡೇ ಮೂರು ವರ್ಷ ಸುಮ್ನಿದ್ವಿ."

ಆತ್ರೇಯ ಗಂಟಲು ಸರಿಮಾಡಿಕೊಂಡರು. "ಇವರ ಕಷ್ಟ ಅರ್ಥ ಆಗತ್ತೆ. ಆದರೆ ಕಮಾನು ತೀರ್ಮಾನ ಆಗಿರೋ ವಿಷಯ. ನಾವು ಮೂವತ್ತು ವರ್ಷದಿಂದ ಒಂದು ದಿನ ತಪ್ಪದೆ ತೆರಿಗೆ ಕಟ್ಟಿದೀವಿ. ನಮ್ಮ ಏರಿಯಾಗೆ ಒಂದು ಗುರುತು ಬೇಡ್ವಾ?"

"ನಾವೂ ಕಟ್ತೀವಿ ಸಾರ್," ಅಂದರು ಯಶೋದಮ್ಮ. ಸೊಂಟದ ಚೀಲದಿಂದ ಒಂದು ಹಿಡಿ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ದಿನವೂ ಹರಿದುಕೊಡುವ ಸುಂಕದ ಹಳದಿ ಚೀಟಿಗಳು. "ಇದು ಎರಡು ತಿಂಗಳದ್ದು. ಮನೇಲಿ ಡಬ್ಬದ ತುಂಬ ಐತೆ. ನಮ್ಮದು ಸಣ್ಣದು. ಆದರೆ ದಿನಾ ಕಟ್ತೀವಿ."

ಆತ್ರೇಯ ಒಂದು ಚೀಟಿ ಎತ್ತಿಕೊಂಡು, ಬ್ಯಾಂಕಿನ ಅಭ್ಯಾಸವೋ ಏನೋ, ತಾರೀಖು ಓದಿದರು. ತಿರುಗಿಸಿ ನೋಡಿದರು. ಕೊನೆಗೆ ಯಶೋದಮ್ಮನ ಕಡೆ ತಿರುಗಿ, "ನೀವು ಬಾಗಿಲ ಹತ್ರ ಎಡಗಡೆ ಕೂತ್ಕೊಳ್ಳೋರು, ಅಲ್ವಾ? ನಮ್ಮನೆಯವರು ಹತ್ತು ವರ್ಷದಿಂದ ನಿಮ್ಮ ಹತ್ರಾನೇ ಸೊಪ್ಪು ತರೋದು" ಅಂದರು.

"ಗೊತ್ತು ಸಾರ್. ಅಮ್ಮೋರಿಗೆ ಸಬ್ಬಸಿಗೆ ಅಂದ್ರೆ ಇಷ್ಟ."

ಆತ್ರೇಯ ತಲೆ ಕೆಳಗೆ ಹಾಕಿದರು. ಫೈಲನ್ನು ಮುಚ್ಚಿದರು. "ಟಾಯ್ಲೆಟ್ ಮೊದಲು ಆಗಲಿ," ಅಂದರು. ಮತ್ತೆ ತಕ್ಷಣ, "ಆದರೆ ಕಮಾನು ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲನೇದಾಗಿ ಬರಬೇಕು. ಅದನ್ನ ನಡಾವಳಿಯಲ್ಲಿ ಬರೀರಿ, ನಾನು ಓದಿ ಸಹಿ ಹಾಕ್ತೀನಿ" ಎಂದು ಸೇರಿಸಿದರು. ಹೆಂಗಸರೆಲ್ಲ ನಕ್ಕರು, ಅವರೂ ನಕ್ಕರು.

ಸಭೆ ಮುಗಿದ ಮೇಲೆ ಮೋಹನ್ ಕುಮಾರ್ ಪಂಚಾಕ್ಷರಿಯನ್ನು ಪಕ್ಕಕ್ಕೆ ಕರೆದರು. "ಎಸ್ಟಿಮೇಟ್ ಮಾಡಿ. ಆದರೆ ಹಳೇ ಕೆಲಸ ಅಪೂರ್ಣ ಅಂತ ಬರೀಬೇಡಿ. ಸುಧಾರಣೆ ಅಂತ ಬರೀರಿ."

ಪಂಚಾಕ್ಷರಿಗೆ ಅದು ಹಿಡಿಸಲಿಲ್ಲ. ಸುಧಾರಣೆ ಎಂದು ಬರೆದರೆ ಬಣ್ಣ ಹೊಡೆಯಬಹುದು, ಟೈಲ್ಸು ಬದಲಿಸಬಹುದು. ಹೊಸ ಒಳಚರಂಡಿ ಯಾಕೆ ಬೇಕು ಎಂದರೆ ನಿಜ ಹೇಳಲೇಬೇಕು. ನಿಜ ಬರೆದರೆ ತಾನು ಕಂಡೇ ಇರದ ಮನುಷ್ಯನೊಬ್ಬನ ಪೆನ್ಶನ್ನಿಗೆ ಕಲ್ಲು ಹಾಕಿದಂತೆ. ಎರಡು ದಿನ ಹಾಗೇ ಒದ್ದಾಡಿದ. ಮೂರನೆಯ ದಿನ ದ್ಯಾಮಪ್ಪ ಎಲ್ಲಿದ್ದಾರೆಂದು ವಿಚಾರಿಸಿ, ರಾಜಾಜಿನಗರದ ಒಂದು ಕಚೇರಿಗೆ ಅವರನ್ನೇ ನೋಡಲು ಹೋದ.

ದ್ಯಾಮಪ್ಪ ಕಿಟಕಿಯ ಪಕ್ಕದ ಮೇಜಿನಲ್ಲಿದ್ದರು. ಸಣಕಲು ದೇಹ, ಬಿಳಿ ಮೀಸೆ. ಹೊಸಬಾವಿ ಎಂಬ ಹೆಸರು ಕೇಳುತ್ತಲೇ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

"ಪೈಪು ಸಿಕ್ತಾ?" ಎಂದು ಅವರೇ ಕೇಳಿದರು.

"ಸಿಕ್ತು ಸಾರ್."

"ಉದ್ಘಾಟನೆಗೆ ನಾಲ್ಕು ದಿನ ಇದ್ದಾಗ ಗೊತ್ತಾಯ್ತು ಲೆವೆಲ್ ಬರಲ್ಲ ಅಂತ. ಮುಂದಕ್ಕೆ ಹಾಕೋಣ ಅಂದೆ. ಕಾರ್ಡು ಹಂಚಿ ಆಗಿದೆ ಅಂದ್ರು. ಆಮೇಲೆ ಸರಿ ಮಾಡಿದರಾಯ್ತು ಅಂತ ಸಹಿ ಹಾಕ್ದೆ. ಇಪ್ಪತ್ತು ದಿನಕ್ಕೆ ನನ್ನ ವರ್ಗ ಆಯ್ತು. ಹೊಸದಾಗಿ ಬಂದವರಿಗೆ ಹೇಳ್ಬೇಕಾಗಿತ್ತು. ಹೇಳಿದ್ರೆ ನನ್ನ ಸಹಿ ಸುಳ್ಳು ಅಂತ ಒಪ್ಕೊಂಡ ಹಾಗೆ." ಅವರು ಕಿಟಕಿಯಾಚೆ ನೋಡಿದರು. "ಮೂವತ್ತಮೂರು ವರ್ಷದಲ್ಲಿ ಮುನ್ನೂರು ಕೆಲಸ ಮಾಡಿದೀನಿ. ನಿದ್ದೆ ಕೆಡಿಸಿದ್ದು ಅದೊಂದೇ."

"ಸುಧಾರಣೆ ಅಂತ ಬರೆದ್ರೆ ನಿಮಗೇನೂ ತೊಂದ್ರಿ ಆಗಂಗಿಲ್ಲ ಸಾರ್" ಅಂದ ಪಂಚಾಕ್ಷರಿ.

"ಬೇಡ. ಇದ್ದದ್ದು ಇದ್ದ ಹಾಗೆ ಬರಿ. ನಾನೂ ಒಂದು ಕಾಗದ ಕೊಡ್ತೀನಿ, ತಪ್ಪು ನನ್ನದು ಅಂತ. ಫೈಲಿಗೆ ಹಾಕ್ಕೋ." ದ್ಯಾಮಪ್ಪ ಬೀರುವಿನ ಕೆಳಗಿನ ಖಾನೆಯಿಂದ ರಟ್ಟಿನ ಹಳೆಯ ಪುಸ್ತಕವೊಂದನ್ನು ತೆಗೆದರು. ಅವರು ಲೆವೆಲ್ ಬರೆದಿಟ್ಟಿದ್ದ ಪುಸ್ತಕ. "ರಸ್ತೆ ಕಡೆ ಹೋಗ್ಬೇಡ. ಈರುಳ್ಳಿ ಗೋಡೌನಿನ ಹಿಂದೆ ಇನ್ನೊಂದು ಮ್ಯಾನ್‌ಹೋಲ್ ಇದೆ, ಕಾಲುವೆ ಕಡೆ, ತಗ್ಗಲ್ಲಿ. ಅಲ್ಲಿಗೆ ಆರಾಮಾಗಿ ಇಳಿಯತ್ತೆ. ಆವಾಗ ಆ ಓಣಿ ತುಂಬ ಮೂಟೆ ಪೇರಿಸಿದ್ರು, ಗೋಡೌನಿನವನು ಅಗೆಯಕ್ಕೆ ಬಿಡಲಿಲ್ಲ."

ಈಗಲೂ ಬಿಡಲಿಲ್ಲ. ಗೋಡೌನಿನ ಅರುಣ್ ಕುಮಾರ್, ಓಣಿ ತನ್ನ ತಾತನ ಕಾಲದಿಂದ ತಮ್ಮದು ಎಂದು ವಾದಿಸಿದ. ನಕ್ಷೆ ತೋರಿಸಿದರೆ ವಕೀಲರನ್ನು ಕೇಳುತ್ತೇನೆ ಅಂದ. ಹೀಗೆ ಓಡಾಟದಲ್ಲೇ ಮೂರು ನಾಲ್ಕು ವಾರ ಕಳೆದು ಮಾರ್ಚ್ ಆರು ದಾಟಿತ್ತು. ಪಂಚಾಕ್ಷರಿ ಪೆಚ್ಚುಮೋರೆ ಹಾಕಿಕೊಂಡು ಹೊರಬಂದಾಗ ಯಶೋದಮ್ಮ ವಿಷಯ ಕೇಳಿ, "ಅವನ ಹತ್ರ ಏನ್ ಮಾತು ಸಾರ್? ಅವರಮ್ಮನ ಹತ್ರ ನಾನು ಮಾತಾಡ್ತೀನಿ. ನಲವತ್ತು ವರ್ಷ ಇದೇ ಮಾರ್ಕೆಟ್ಟಲ್ಲಿ ಈರುಳ್ಳಿ ಮಾರಿದೋಳು. ಅವಳಿಗೆ ಹೊಸದಾಗಿ ಹೇಳ್ಬೇಕಾ?" ಅಂದರು.

ಅವರಿಬ್ಬರೂ ಏನು ಮಾತಾಡಿದರೋ ಪಂಚಾಕ್ಷರಿಗೆ ಕೊನೆಗೂ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಓಣಿಯ ಮೂಟೆಗಳೆಲ್ಲ ಒಳಗೆ ಹೋಗಿದ್ದವು. ಅರುಣ್ ಕುಮಾರ್ ಅವನ ಮುಖ ನೋಡದೆ, "ಬೇಗ ಮುಗಿಸಿ ಸಾರ್, ಲೋಡ್ ಬರತ್ತೆ" ಎಂದಷ್ಟೇ ಅಂದ.

ಮೋಹನ್ ಕುಮಾರ್ ದ್ಯಾಮಪ್ಪನವರ ಕಾಗದವನ್ನು ಎರಡು ಸಲ ಓದಿದರು. ಮೂರನೆಯ ಸಲ ಓದದೆ ಫೈಲಿಗೆ ಸಹಿ ಹಾಕಿದರು. ಒಳಚರಂಡಿಯವರ ಅನುಮತಿಗೆ ತಾವೇ ಫೋನು ಮಾಡಿದರು. ಕೆಲಸ ಹನ್ನೆರಡನೇ ತಾರೀಖು ಶುರುವಾಯಿತು. ನಾಲ್ಕು ಅಡಿಗೆ ಬಂಡೆ ಸಿಕ್ಕಿತು. ಎರಡು ದಿನ ಬ್ರೇಕರ್ ಹಚ್ಚಿ ಒಡೆಸಬೇಕಾಯಿತು, ಮಾರ್ಕೆಟ್ಟಿನ ತುಂಬ ಧೂಳು. ಪಂಚಾಕ್ಷರಿ ಬೆಳಿಗ್ಗೆ ಏಳಕ್ಕೇ ಬಂದು ಪ್ರತಿ ಪೈಪು ಇಡುವಾಗಲೂ ಲೆವೆಲ್ ಹಿಡಿದು ನೋಡಿದ. ಕಂಟ್ರಾಕ್ಟರಿಗೆ ಬೇಜಾರಾಗುವಷ್ಟು ಸಲ ನೋಡಿದ. ಒಂದು ಕಡೆ ಅರ್ಧ ಇಂಚು ತಪ್ಪಿದ್ದಕ್ಕೆ ಮೂರು ಪೈಪು ಕೀಳಿಸಿ ಮತ್ತೆ ಹಾಕಿಸಿದ.

ಇಪ್ಪತ್ತಾರನೇ ತಾರೀಖು ಪರೀಕ್ಷೆ. ನೀರು ಬರುವುದು ಕಣ್ಣಿಗೆ ಕಾಣಲೆಂದು ಬಕೆಟ್ಟಿಗೆ ಬಣ್ಣ ಕಲಸುವುದು ವಾಡಿಕೆ. ಬಣ್ಣ ತರಲು ಕೂಲಿಯವನು ಮರೆತಿದ್ದ. ಹೂವಿನವಳು ತನ್ನ ಪೂಜೆ ಸಾಮಾನಿನ ಬುಟ್ಟಿಯಿಂದ ಅರಿಶಿನದ ಪೊಟ್ಟಣ ಕೊಟ್ಟಳು. ಒಳಗೆ ಯಶೋದಮ್ಮ ಬಕೆಟ್ ಹಿಡಿದು ನಿಂತರು. ಹೊರಗೆ ಓಣಿಯ ಕೊನೆಯಲ್ಲಿ ಮ್ಯಾನ್‌ಹೋಲಿನ ಸುತ್ತ ಹತ್ತು ಹೆಂಗಸರು, ಅರುಣ್ ಕುಮಾರ್, ಅವನ ಮುದುಕಿ ತಾಯಿ, ಪಂಚಾಕ್ಷರಿ ಬಗ್ಗಿ ನೋಡುತ್ತಾ ನಿಂತರು.

"ಸುರೀರಿ," ಎಂದು ಪಂಚಾಕ್ಷರಿ ಕೂಗಿದ.

ಸ್ವಲ್ಪ ಹೊತ್ತು ಏನೂ ಇಲ್ಲ. ಎಲ್ಲಾದರೂ ಜೋಡಣೆ ಬಿಟ್ಟಿತೇ? ಬಂಡೆಯ ಹತ್ತಿರ ಇಳಿಜಾರು ಕಡಿಮೆಯಾಯಿತೇ? ಆಮೇಲೆ ತೆಳ್ಳಗೆ ಒಂದು ಗೆರೆ, ಅದರ ಹಿಂದೆ ದಪ್ಪ ಧಾರೆಯಾಗಿ ಹಳದಿ ನೀರು ಪೈಪಿನ ಬಾಯಿಂದ ಧುಮುಕಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅರುಣ್ ಕುಮಾರನ ತಾಯಿ, "ಬಂತು ಕಣೇ ಯಶೋದಾ" ಎಂದು ಒಳಗಿದ್ದವರಿಗೆ ಕೇಳುವ ಹಾಗೆ ಕೂಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ಸಲ ಉದ್ಘಾಟನೆ ಮಾಡಲಿಲ್ಲ. ಏಪ್ರಿಲ್ ಒಂದರಿಂದ ಬಾಗಿಲು ತೆರೆಯಿತು. ನೋಡಿಕೊಳ್ಳಲು ಅಲ್ಲೇ ಹತ್ತಿರದ ಸ್ವಸಹಾಯ ಸಂಘದ ಕಲಾವತಿಯನ್ನು ನೇಮಿಸಿದರು. ಸಂಬಳ ವಾರ್ಡಿನ ನಿರ್ವಹಣೆಯ ಹಣದಿಂದ. ಹೆಂಗಸರಿಗೆ ಪುಕ್ಕಟೆ, ಗಂಡಸರಿಗೆ ಎರಡು ರೂಪಾಯಿ. ಕಲಾವತಿ ಬೆಳಗಿನ ಜಾವ ನಾಲ್ಕಕ್ಕೆ ಬಂದು ಬಾಗಿಲು ತೆಗೆಯುತ್ತಾಳೆ, ಒದ್ದೆ ಕಾಲಲ್ಲಿ ಒಳಗೆ ಹೋದವರನ್ನು ಬೈಯುತ್ತಾಳೆ. ಮೊದಲನೇ ವಾರವೇ ಪಂಚಾಕ್ಷರಿಗೆ ಫೋನು ಮಾಡಿ, ಕೊಕ್ಕೆ ಸರಿಯಿಲ್ಲ, ಒಂದು ಬಲ್ಬು ಹೋಗಿದೆ, ಕನ್ನಡಿ ಬೇಕು ಎಂದು ಪಟ್ಟಿ ಕೊಟ್ಟಳು. ಅವನು ಕನ್ನಡಿಯನ್ನೂ ಬರೆದುಕೊಂಡ.

ನಿರೀಕ್ಷಿಸಿದ್ದ ಆಡಿಟ್ ನೋಟಿಸು ಬಂತು. ದ್ಯಾಮಪ್ಪನವರಿಗೂ ಬಂತು, ಹಳೆಯ ಕೆಲಸಕ್ಕೆ ಮತ್ತೆ ಖರ್ಚು ತೋರಿಸಿದ್ದಕ್ಕೆ ಪಂಚಾಕ್ಷರಿಗೂ ಬಂತು. ಇಬ್ಬರೂ ಒಟ್ಟಿಗೆ ಕೂತು ಉತ್ತರ ಬರೆದರು. ಮೋಹನ್ ಕುಮಾರ್ ಅದಕ್ಕೆ ತಮ್ಮದೊಂದು ಟಿಪ್ಪಣಿ ಸೇರಿಸಿದರು, ಕಟ್ಟಡವನ್ನು ಈಗ ದಿನಕ್ಕೆ ಇನ್ನೂರು ಜನ ಬಳಸುತ್ತಿದ್ದಾರೆ ಎಂದು. ದ್ಯಾಮಪ್ಪನವರ ಪೆನ್ಶನ್ ಎರಡು ತಿಂಗಳು ತಡವಾಗಬಹುದು ಎಂದಷ್ಟೇ ಸದ್ಯಕ್ಕೆ ಗೊತ್ತಾಗಿದೆ.

ಮೇ ತಿಂಗಳ ಒಂದು ಬೆಳಿಗ್ಗೆ ಪಂಚಾಕ್ಷರಿ ಬೇರೊಂದು ಕಡೆ ಚರಂಡಿ ಅಳೆಯುತ್ತಿದ್ದಾಗ ಫೋನು ಬಂತು. ದ್ಯಾಮಪ್ಪ.

"ಹೊಸಬಾವಿಗೆ ಬಂದಿದ್ದೆ ಕಣಪ್ಪ. ಒಳಗೂ ಹೋಗಿ ಬಂದೆ. ಆ ಹೆಣ್ಣುಮಗಳು ಚಿಲ್ಲರೆ ಇಲ್ಲ ಅಂದ್ರೂ ಬಿಡಲಿಲ್ಲ, ಎರಡು ರೂಪಾಯಿ ಇಸ್ಕೊಂಡೇ ಬಿಟ್ಲು."

"ಹೆಂಗದ ಸಾರ್?"

"ಚೆನ್ನಾಗಿದೆ. ಆದರೆ ಗಂಡಸರ ಕಡೆ ನೀರಿನ ರಭಸ ಸಾಲದು. ಟ್ಯಾಂಕು ಒಂದು ಅಡಿ ಎತ್ತರಿಸು. ಬರ್ಕೋ."

ಪಂಚಾಕ್ಷರಿ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.